ಮನೆ ಕಟ್ಟಿ ಕೂಡ್ರಿ ಅನ್ನುವವರಿಗೆ

ಧಾರವಾಡಕ್ಕೆ ಬಂದಾಗಲೆಲ್ಲ ನನಗೂ ನನ್ನ ಹೆಂಡತಿಗೂ ಒಂದು ಉಪದೇಶ ತಪ್ಪಿದ್ದಲ್ಲ. "ಸಾಕ್ ಮಾಡ್ರಿ ಈ ತಿರುಗಾಟ. ಒಂದ್ ಮನಿ ಕಟ್ಟಿಸಿ ಊರಾಗ ಕೂಡ್ರಿ. ವಯಸ್ಸಾದ ಅವ್ವ ಅದಾರ, ಮಕ್ಕಳು ಅದಾರ."

ನಿವೃತ್ತಿಯ ಮೇಲೆ ನಾವು ಪುಣೆಯ ಫ್ಲಾಟನ್ನು ಬಾಡಿಗೆಗೆ ಕೊಟ್ಟು ಕಾರಿನಲ್ಲೇ ಊರೂರು ಸುತ್ತುತ್ತಿದ್ದೇವೆ. ಒಂದೂರಲ್ಲಿ ಹದಿನೈದು ದಿನ, ಇನ್ನೊಂದೂರಲ್ಲಿ ತಿಂಗಳು. ಯಾತ್ರಿ ನಿವಾಸ, ಮಠ, ಬಾಡಿಗೆ ಕೋಣೆ, ಎಲ್ಲಿ ಸಿಕ್ಕರೆ ಅಲ್ಲಿ. ಇದನ್ನು ಜನ ಬೇಜವಾಬ್ದಾರಿ ಅಂತಾರೆ. ನಾನು ಒಪ್ಪುವುದಿಲ್ಲ.

ಬ್ಯಾಂಕಿನಲ್ಲಿದ್ದಾಗ ಮೂರು ವರ್ಷಕ್ಕೊಮ್ಮೆ ವರ್ಗ. ಅವ್ವನ ಕಣ್ಣಿನ ಆಪರೇಷನ್ ದಿನ ನನಗೆ ರಜೆ ಸಿಗಲಿಲ್ಲ, ಶಾಖೆಯಲ್ಲಿ ಆಡಿಟ್ ನಡೆದಿತ್ತು. ಆಗ ಯಾರೂ ಬೇಜವಾಬ್ದಾರಿ ಅನ್ನಲಿಲ್ಲ. "ಆಫೀಸರ್ ಆಗ್ಯಾನ" ಅಂತ ಹೆಮ್ಮೆಪಟ್ಟರು. ಬ್ಯಾಂಕು ಕಳಿಸಿದರೆ ಅದು ವರ್ಗಾವಣೆ, ನಾವಾಗಿಯೇ ಹೊರಟರೆ ಅಲೆದಾಟ! ಇದು ಯಾವ ಊರಿನ ಲೆಕ್ಕ?

ಮನೆಯವರಿಗೆ ಬೇಕಾದದ್ದು ನಮ್ಮ ವಿಳಾಸವೋ ಅಥವಾ ನಾವೋ? ಮಗಳಿಗೆ ಹೈದರಾಬಾದಿನಲ್ಲಿ ಡಾಕ್ಟರು ಹೇಳಿದ ದಿನಕ್ಕಿಂತ ಮೂರು ವಾರ ಮೊದಲೇ ಹೆರಿಗೆಯಾಯಿತು. ನಾವಾಗ ಪಂಢರಪುರದಲ್ಲಿದ್ದೆವು. ಬೆಳಿಗ್ಗೆ ಫೋನು ಬಂತು. ಸೊಲ್ಲಾಪುರ, ಹುಮನಾಬಾದ್, ಜಹೀರಾಬಾದ್ ದಾಟಿ ಸಂಜೆಗೆ ಆಸ್ಪತ್ರೆಯಲ್ಲಿದ್ದೆವು. ರೈಲಿನ ವೇಟಿಂಗ್ ಲಿಸ್ಟ್ ನೋಡುತ್ತ ಕೂರಬೇಕಾಗಲಿಲ್ಲ. ಹಿರಿಯರಿಗಿದ್ದ ರೈಲು ರಿಯಾಯಿತಿ 2020ರ ಮಾರ್ಚಿನಲ್ಲೇ ಹೋಯಿತು, ಅದರ ಆಸೆಯೂ ಇಲ್ಲ. ಬಾಣಂತನ ಮುಗಿಯುವವರೆಗೆ ಮೂರು ತಿಂಗಳು ಕಾರು ಅವಳ ಮನೆಯ ಕೆಳಗೇ ನಿಂತಿತ್ತು.

ಇನ್ನು ಅವ್ವ. ಅವಳನ್ನು ದಿನವೂ ನೋಡಿಕೊಳ್ಳುವವರು ನನ್ನ ತಮ್ಮ ಮತ್ತು ಅವನ ಹೆಂಡತಿ. ಆ ಪುಣ್ಯದಲ್ಲಿ ನಾನು ಪಾಲು ಕೇಳುವುದಿಲ್ಲ. ಆದರೆ ವರ್ಷಕ್ಕೆರಡು ಸಲ, ಒಂದೂವರೆ ತಿಂಗಳಂತೆ, ಆ ಮನೆಯನ್ನು ನಾವು ವಹಿಸಿಕೊಳ್ಳುತ್ತೇವೆ. ಅವ್ವನ ಸ್ನಾನ, ಔಷಧ, ರಾತ್ರಿ ಎಚ್ಚರ ಎಲ್ಲ ನಮ್ಮದು. ತಮ್ಮ ಹೆಂಡತಿಯನ್ನು ಕರಕೊಂಡು ಹೊರಗೆ ಹೋಗ್ತಾನೆ. ಅದೇ ಓಣಿಯಲ್ಲಿ ಮನೆ ಕಟ್ಟಿದ್ದರೆ ನಾವು ಸಂಜೆ ಬಂದು, ಚಹಾ ಕುಡಿದು, "ಹೆಂಗದೀ ಅವ್ವಾ?" ಅಂತ ಕೇಳಿ ಹೋಗುವ ನೆಂಟರಾಗುತ್ತಿದ್ದೆವು. ಅಂಥವರನ್ನು ಎಲ್ಲ ಓಣಿಯಲ್ಲೂ ನೋಡಿದ್ದೇನೆ.

ದುಡ್ಡಿನ ಮಾತೂ ಬರಲಿ. ಗ್ರಾಚ್ಯುಟಿ, ಪ್ರಾವಿಡೆಂಟ್ ಫಂಡ್ ಎಲ್ಲ ಸುರಿದು ಕಟ್ಟಿದ ಮನೆ ಆಸ್ಪತ್ರೆಯ ಕೌಂಟರಿನಲ್ಲಿ ಚಲಾವಣೆಯಾಗುವುದಿಲ್ಲ. ಮುದ್ದತಿ ಠೇವಣಿಗೂ ಉಳಿತಾಯ ಖಾತೆಗೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತು. ಮನೆಯವರ ಪಾಲಿಗೆ ನಾವು ಉಳಿತಾಯ ಖಾತೆ. ಬೇಕಾದ ದಿನ ಸಿಗ್ತೀವಿ.

ಇದಕ್ಕೆ ಶಿಸ್ತು ಬೇಕು. ರಾತ್ರಿ ಗಾಡಿ ಓಡಿಸುವುದಿಲ್ಲ. ಅವ್ವನ ಆರೋಗ್ಯ ಸರಿಯಿಲ್ಲದಾಗ ಧಾರವಾಡದಿಂದ ಒಂದು ಹಗಲಿನ ದಾರಿಗಿಂತ ದೂರ ಹೋಗುವುದಿಲ್ಲ. ಯಾವ ಕೋಣೆಗೂ ವಾರಕ್ಕಿಂತ ಹೆಚ್ಚು ಮುಂಗಡ ಕೊಡುವುದಿಲ್ಲ. ಔಷಧದ ಚೀಟಿ, ವಿಮೆಯ ಕಾಗದ ಕಾರಿನಲ್ಲೇ ಇರುತ್ತವೆ. ನವೆಂಬರಿನ ಜೀವನ ಪ್ರಮಾಣಪತ್ರಕ್ಕೂ ಈಗ ಶಾಖೆಯ ಮುಂದೆ ಸಾಲು ನಿಲ್ಲಬೇಕಿಲ್ಲ, ಮೊಬೈಲಿಗೆ ಮುಖ ತೋರಿಸಿದರೆ ಆಯಿತು.

ಕೊನೆತನಕ ಹೀಗೇ ಅಂತ ನಾನೇನೂ ಹೇಳುತ್ತಿಲ್ಲ. 55 ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕಷ್ಟೇ ಸಿಗುತ್ತದೆ, ಅದೂ ಡಾಕ್ಟರ ಸರ್ಟಿಫಿಕೇಟ್ ಕೊಟ್ಟ ಮೇಲೆ. ಕಣ್ಣು, ಮೊಣಕಾಲು ಬೇಡ ಅಂದ ದಿನ ಪುಣೆಯ ಫ್ಲಾಟಿಗೆ ಮರಳುತ್ತೇವೆ. ಹಾಗೆಯೇ, ಕರೆದಾಗ ಬರುತ್ತೇವೆ ಅಂದರೆ ಸಂಬಳವಿಲ್ಲದ ಆಯಾ ಕೆಲಸಕ್ಕೆ ವರ್ಷವಿಡೀ ಕಟ್ಟಿಹಾಕಬಹುದು ಅಂತಲೂ ಅಲ್ಲ. ಬಾಣಂತನ ಮುಗಿಯಿತು, ಮಗು ಕತ್ತು ನಿಲ್ಲಿಸಿತು, ನಾವು ಹೊರಟೆವು. ಮಗಳು ಬೇಜಾರು ಮಾಡಿಕೊಳ್ಳಲಿಲ್ಲ. ಕರೆದರೆ ಬರ್ತೀವಿ ಅಂತ ಅವಳಿಗೆ ಗೊತ್ತು.

ಊರಲ್ಲಿರುವ ಬಂಧುಗಳೇ, ನಿಮ್ಮ ಓಣಿಯಲ್ಲಿ ಎಂಎಚ್ 12 ನಂಬರಿನ ಧೂಳು ಹಿಡಿದ ಕಾರು ನಿಂತು, ಅದರಿಂದ ವಯಸ್ಸಾದ ಗಂಡ ಹೆಂಡತಿ ಇಳಿದರೆ, ಮನೆ ಯಾವಾಗ ಕಟ್ಟಿಸ್ತೀರಿ ಅಂತ ಕೇಳಬೇಡಿ. ಯಾರಿಗಾಗಿ ಬಂದ್ರಿ, ಎಷ್ಟು ದಿನ ಇರ್ತೀರಿ ಅಂತ ಕೇಳಿ. ಅದಕ್ಕೆ ನಮ್ಮಲ್ಲಿ ಉತ್ತರ ಇದೆ.