ಸ್ಲ್ಯಾಬ್ ಹಾಕಲು ಊರ ಗೌಂಡಿಯೇ ಸಾಕೇ?

ಉಮರಗಾ, ನಿಲಂಗಾ, ಉದಗೀರದ ಕಡೆ ಹಳೆಯ ಮಾಳಿಗೆ ಮನೆ ಇಳಿಸಿ ಸ್ಲ್ಯಾಬಿನ ಮನೆ ಕಟ್ಟಲು ಹೊರಟ ಪ್ರತಿ ಮನೆಯಲ್ಲೂ ಈ ಮಾತು ಏಳುತ್ತದೆ. ಕೆಲಸವನ್ನು ಗುರುತಿನ ಗೌಂಡಿಗೆ ಕೊಡುವುದೋ, ಪಟ್ಟಣದ ಗುತ್ತೇದಾರನಿಗೆ ಪೂರ್ತಿ ಒಪ್ಪಿಸುವುದೋ? ಉಮರಗಾದ ನಿವೃತ್ತ ಶಿಕ್ಷಕರೊಬ್ಬರು ಗೌಂಡಿಯ ಪರ ಬರೆದಿದ್ದಾರೆ. ಅವರ ತಮ್ಮನ ಮಗಳು ಉದಗೀರದಲ್ಲಿ ಸಿವಿಲ್ ಎಂಜಿನಿಯರ್, ಆಕೆ ಒಪ್ಪುವುದಿಲ್ಲ.

ಪರ: ಕಣ್ಣೆದುರಿಗೆ ಇರುವವನ ಕೈಗೇ ಕೊಡಿ

1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ಗಣಪತಿ ಕಳಿಸಿ ಬಂದು ಮಲಗಿದ್ದ ಜನರ ಮೇಲೆ ಭೂಕಂಪಕ್ಕೆ ಅವರದೇ ಮಾಳಿಗೆಗಳು ಬಿದ್ದವು. ಕಿಲ್ಲಾರಿ ಮತ್ತು ಸಾಸ್ತೂರ ಸೇರಿ ಸುತ್ತಲಿನ ಹಳ್ಳಿಗಳಲ್ಲಿ ಹತ್ತು ಸಾವಿರದಷ್ಟು ಜೀವ ಹೋಯಿತು. ಸಾಸ್ತೂರ ಆಗ ನಮ್ಮ ಉಮರಗಾ ತಾಲ್ಲೂಕಿನಲ್ಲೇ ಇತ್ತು. ಅಂದಿನಿಂದ ನಮ್ಮ ಭಾಗದಲ್ಲಿ ಮನೆ ಕಟ್ಟುವ ಮಾತು ಆ ನಸುಕಿನಿಂದಲೇ ಶುರುವಾಗುತ್ತದೆ. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಊರ ಗೌಂಡಿಯ ಪರವಾಗಿ ನನ್ನ ಹತ್ತಿರ ಇರುವ ದೊಡ್ಡ ಸಾಕ್ಷಿ ಭೂಕಂಪದ ನಂತರ ನಡೆದ ಕೆಲಸ.

ವಿಶ್ವಬ್ಯಾಂಕಿನ ಸಾಲ ಪಡೆದು ಮಹಾರಾಷ್ಟ್ರ ಸರ್ಕಾರ ಎರಡು ದಾರಿ ಹಿಡಿಯಿತು. ಪೂರ್ತಿ ನೆಲಸಮವಾದ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಎಬ್ಬಿಸಿ, ಹೆಚ್ಚಾಗಿ ಗುತ್ತೇದಾರರಿಂದ, ದಾನಿ ಸಂಸ್ಥೆಗಳಿಂದ ಹೊಸ ಮನೆ ಕಟ್ಟಿಸಿತು. ನಗರದ ಕಾಲನಿಯ ಹಾಗೆ ನೇರ ಸಾಲು, ಅಗಲ ರಸ್ತೆ. ದನ ಎಲ್ಲಿ ಕಟ್ಟಬೇಕು, ಕಾಳು ಎಲ್ಲಿ ತುಂಬಬೇಕು, ಮುಪ್ಪಿನವರು ಸಂಜೆ ಎಲ್ಲಿ ಕೂಡಬೇಕು ಎಂದು ಯಾರೂ ಕೇಳಿರಲಿಲ್ಲ. ಕಡಿಮೆ ಹಾನಿಯಾದ ಊರುಗಳಲ್ಲಿ ದಾರಿ ಬೇರೆಯಾಗಿತ್ತು. ಸುಮಾರು ಎರಡು ಲಕ್ಷ ಮನೆಗಳ ದುರಸ್ತಿ ಮತ್ತು ಬಲವರ್ಧನೆಯ ನೆರವು ನೇರ ಮನೆಯವರಿಗೇ ಸಿಕ್ಕಿತು. ಗೌಂಡಿಯನ್ನು ಗೊತ್ತುಮಾಡಿದ್ದು, ಸಾಮಾನು ತಂದದ್ದು, ಕೆಲಸ ನೋಡಿಕೊಂಡದ್ದು ಆ ಮನೆಯವರೇ. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ಮೂಲಕ ಹಳ್ಳಿಯ ಹೆಣ್ಣುಮಕ್ಕಳು 'ಸಂವಾದ ಸಹಾಯಕ'ರಾಗಿ ಮನೆಮನೆ ತಿರುಗಿದರು. ಮೂಲೆಗೆ ಕಟ್ಟು ಏಕೆ ಬೇಕು, ಮಾಳಿಗೆಯ ಮೇಲಿನ ಮಣ್ಣಿನ ಭಾರ ಏಕೆ ಇಳಿಸಬೇಕು ಎಂದು ಅತ್ತೆ ಸೊಸೆಯರಿಗೆ ತಿಳಿಸಿಕೊಟ್ಟರು. ಗೋಡೆಯ ಕೆಲಸದ ಬಗ್ಗೆ ಗೌಂಡಿಯನ್ನು ಮನೆಯ ಹೆಣ್ಣುಮಗಳು ಎದುರು ನಿಂತು ಪ್ರಶ್ನಿಸಿದ್ದನ್ನು ನಾನು ಮೊದಲ ಸಲ ನೋಡಿದ್ದು ಆ ವರ್ಷಗಳಲ್ಲಿ.

ಊರ ಗೌಂಡಿ ಆ ಪ್ರಶ್ನೆಗೆ ಸಿಗುತ್ತಾನೆ. ಪಟ್ಟಣದ ಗುತ್ತೇದಾರ ಸಿಗುವುದಿಲ್ಲ. ಆತ ಏಳೆಂಟು ಕಡೆ ಕೆಲಸ ಹಿಡಿದಿರುತ್ತಾನೆ, ನಮ್ಮ ಮನೆಗೆ ಬರುವುದು ಮುಂದಿನ ಕಂತಿನ ಹಣ ಕೇಳಲು. ಹತ್ತು ವರ್ಷದ ಹಿಂದೆ ನಾನೇ ಮನೆಯ ಮುಂದಿನ ಎರಡು ಕೋಣೆಗಳನ್ನು ಅಂಥ ಒಬ್ಬರಿಗೆ ಪೂರ್ತಿ ಗುತ್ತಿಗೆ ಕೊಟ್ಟಿದ್ದೆ. ಮೊದಲ ಮಳೆಗೇ ಸ್ಲ್ಯಾಬ್ ಸೋರಿತು. ಮೂರು ಸಲ ಹೋಗಿ ಕರೆದರೂ ಬರಲಿಲ್ಲ. ಕೊನೆಗೆ ನಮ್ಮ ಓಣಿಯ ಗೌಂಡಿಯೇ ಮೇಲೆ ಹತ್ತಿ, ನೀರು ಹರಿಯುವ ಇಳಿಜಾರು ಸರಿಮಾಡಿ ಕೊಟ್ಟ.

ಇನ್ನೊಂದು ಮಾತು ನೆಲದ್ದು. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಯಾವ ಓಣಿಯಲ್ಲಿ ನಾಲ್ಕು ಅಡಿಗೆ ಮುರುಮು ಸಿಗುತ್ತದೆ, ಎಲ್ಲಿ ಒಂಬತ್ತು ಅಡಿ ಇಳಿದರೂ ಕಪ್ಪು ಮಣ್ಣೇ ಬರುತ್ತದೆ, ಎಲ್ಲಿ ಹಿಂದೆ ಹಾಳುಬಾವಿ ಮುಚ್ಚಿದ್ದಾರೆ, ಇದೆಲ್ಲ ಗೌಂಡಿಗೆ ಗೊತ್ತಿರುತ್ತದೆ. ಅವನ ಅಪ್ಪ ಅಲ್ಲೇ ಪಾಯ ತೆಗೆದಿರುತ್ತಾನೆ. ಆ ತಿಳಿವಳಿಕೆ ಯಾವ ನಕ್ಷೆಯಲ್ಲೂ ಬರೆದಿರುವುದಿಲ್ಲ.

ಹಣದ ವಿಷಯಕ್ಕೆ ಬಂದರೆ, ಗೌಂಡಿಗೆ ನಾವು ಕೊಡುವುದು ಬರಿಯ ಮಜೂರಿ, ಚೌರಸ ಫೂಟಿನ ಲೆಕ್ಕದಲ್ಲಿ. ಸಿಮೆಂಟು ನಾವೇ ತರುತ್ತೇವೆ. ಸಿಮೆಂಟ್ ಕಾರ್ಖಾನೆಗಳಿರುವ ವಾಡಿ, ಸೇಡಂ, ಮಳಖೇಡ ಇಲ್ಲಿಂದ ದೂರವೇನಲ್ಲ. ಜಾಲನಾದ ಸಲಾಕೆಯನ್ನು ತೂಕ ಮಾಡಿಸಿ ಇಳಿಸಿಕೊಳ್ಳುತ್ತೇವೆ. ಉಸುಕನ್ನು ಬ್ರಾಸಿನ ಲೆಕ್ಕದಲ್ಲಿ ಅಳೆಯುತ್ತೇವೆ, ಒಂದು ಬ್ರಾಸ್ ಎಂದರೆ ನೂರು ಘನ ಅಡಿ. ಸಾಮಾನು ನಮ್ಮದಾದಾಗ ಗೌಂಡಿಗೆ ಅದನ್ನು ಕದ್ದು ಉಳಿಸುವ ಆಸೆ ಇರುವುದಿಲ್ಲ. ಪೂರ್ತಿ ಗುತ್ತಿಗೆ ಹಿಡಿದವನಿಗೆ ಪ್ರತಿ ಚೀಲ ಸಿಮೆಂಟಿನಲ್ಲೂ ತನ್ನ ಲಾಭ ಕಾಣುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆ, ಅಂದರೆ ನಮ್ಮವರು ಘರಕುಲ ಎನ್ನುವುದು, ಅದನ್ನೂ ಗುತ್ತೇದಾರನಿಗೆ ಕೊಡಕೂಡದು, ಫಲಾನುಭವಿಯೇ ಕಟ್ಟಿಸಬೇಕು ಎಂದು ನಿಯಮವಿದೆ. ಸುಮ್ಮನೆ ಮಾಡಿದ ನಿಯಮ ಅದಲ್ಲ.

ನಮ್ಮ ಹುಡುಗಿ ಗೌಂಡಿಗೆ ಓದಿಲ್ಲ ಎನ್ನುತ್ತಾಳೆ. ಈಗಿನ ಗೌಂಡಿಗಳು ಪುಣೆ, ಮುಂಬೈ, ಹೈದರಾಬಾದಿನ ಎತ್ತರದ ಕಟ್ಟಡಗಳಲ್ಲಿ ದುಡಿದು ಬಂದವರು. ಅಲ್ಲಿ ಅವರ ಕೈ ಆಗುತ್ತದೆ, ಇಲ್ಲಿ ಆಗುವುದಿಲ್ಲ ಎಂದರೆ ನಾನು ಒಪ್ಪಲಾರೆ.

ವಿರೋಧ: ಗುರುತಿನವನು ಎನ್ನುವುದೇ ತೊಡಕು

ದೊಡ್ಡಪ್ಪ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಆ ನಸುಕಿನಲ್ಲಿ ಬಿದ್ದ ಗೋಡೆಗಳನ್ನು ಕಟ್ಟಿದ್ದವರು ಯಾರು? ಎರಡು ಮೂರು ಅಡಿ ದಪ್ಪದ ಗೋಡೆ, ಹೊರಗೊಂದು ಕಲ್ಲಿನ ಪದರ, ಒಳಗೊಂದು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡೂ ಪದರವನ್ನು ಹಿಡಿದಿಡುವ ಉದ್ದನೆಯ ಕಲ್ಲು ಇಲ್ಲ. ಮೇಲೆ ವರ್ಷವರ್ಷ ಸೋರಿಕೆಗೆಂದು ಹಾಕುತ್ತ ಬಂದ ಮಣ್ಣಿನ ಭಾರ. ನೆಲ ನಡುಗಿದಾಗ ಗೋಡೆ ಎರಡು ಸೀಳಾಗಿ ಉಬ್ಬಿ ಬಿತ್ತು, ಮಾಳಿಗೆ ಅದರ ಮೇಲೆ ಕುಸಿಯಿತು. ಆ ಗೋಡೆ ಕಟ್ಟಿದವರು ಕೆಟ್ಟವರಲ್ಲ. ಅಪ್ಪನಿಂದ ಕಲಿತದ್ದನ್ನು ನಿಷ್ಠೆಯಿಂದ ಮಾಡಿದವರು. ಅವರ ಅಪ್ಪನಿಗೂ ಇಲ್ಲಿ ನೆಲ ನಡುಗುತ್ತದೆಂದು ಗೊತ್ತಿರಲಿಲ್ಲ. ಆಗಿನ ಸರ್ಕಾರಿ ನಕ್ಷೆಯಲ್ಲೂ ಲಾತೂರು ಭಾಗ ಭೂಕಂಪದ ಭಯ ಅತಿ ಕಡಿಮೆ ಇರುವ ಒಂದನೆಯ ವಲಯದಲ್ಲಿತ್ತು. 2002ರಲ್ಲಿ ಆ ವಲಯವನ್ನೇ ತೆಗೆದು, ಕಿಲ್ಲಾರಿಯ ಪ್ರದೇಶವನ್ನು ಮೂರನೆಯ ವಲಯಕ್ಕೆ ಸೇರಿಸಿದರು. ನಮ್ಮ ಓಣಿಯ ಕೈಕೆಲಸದ ರೂಢಿ ಇನ್ನೂ ಆ ಹಳೆಯ ನಕ್ಷೆಯದೇ.

ದುರಸ್ತಿ ಕೆಲಸ ಚೆನ್ನಾಗಿ ಆಗಿದ್ದನ್ನು ದೊಡ್ಡಪ್ಪ ನೋಡಿದ್ದಾರೆ. ಅಲ್ಲಿ ಗೌಂಡಿ ಒಬ್ಬಂಟಿಯಾಗಿರಲಿಲ್ಲ ಎನ್ನುವುದನ್ನು ಅವರು ಹೇಳಲಿಲ್ಲ. ಸರ್ಕಾರದ ಜೂನಿಯರ್ ಎಂಜಿನಿಯರುಗಳು ಊರೂರಿಗೆ ಬರುತ್ತಿದ್ದರು, ಏನು ಮಾಡಬೇಕೆಂದು ಚಿತ್ರ ಬರೆದಿತ್ತು, ಹಣ ಕಂತಿನಲ್ಲಿ ಬರುತ್ತಿತ್ತು. ಇವತ್ತು ಮನೆ ಕಟ್ಟುವವನ ಹತ್ತಿರ ಗೌಂಡಿ ಮಾತ್ರ ಇದ್ದಾನೆ, ಉಳಿದ ಯಾವುದೂ ಇಲ್ಲ. ಘರಕುಲ ಯೋಜನೆ ಕೂಡ ಗೌಂಡಿಗಳಿಗೆ 45 ದಿನದ ತರಬೇತಿ ಇಟ್ಟುಕೊಂಡಿದೆ. ರೂಢಿಯ ಕೈ ಸಾಲದು ಎಂದು ಬಲ್ಲವರೇ ಅದನ್ನು ಇಟ್ಟದ್ದು.

ಕಲ್ಲಿನ ಗೋಡೆಯ ತಪ್ಪು ಕಣ್ಣಿಗೆ ಕಾಣುತ್ತಿತ್ತು. ಕಾಂಕ್ರೀಟಿನದು ಒಳಗೇ ಉಳಿಯುತ್ತದೆ. ಆರುನೂರು ಚೌರಸ ಫೂಟಿನ, ಐದು ಇಂಚು ದಪ್ಪದ ಒಂದು ಸ್ಲ್ಯಾಬ್ ತೆಗೆದುಕೊಳ್ಳಿ. ಅದಕ್ಕೆ ಎರಡೂವರೆ ಬ್ರಾಸ್ ಕಾಂಕ್ರೀಟ್ ಬೇಕು, ಸುಮಾರು 57 ಚೀಲ ಸಿಮೆಂಟ್. ಒಂದು ಚೀಲಕ್ಕೆ 52 ಲೀಟರಿನಷ್ಟು ಉಸುಕು, 105 ಲೀಟರಿನಷ್ಟು ಖಡಿ, 25 ಲೀಟರ್ ನೀರು. ಉಸುಕು ಹಸಿಯಾಗಿದ್ದರೆ ನೀರು ಇನ್ನೂ ಕಡಿಮೆ. ನಾನು ನೋಡಿದ ಹಳ್ಳಿಯ ಸ್ಲ್ಯಾಬುಗಳಲ್ಲಿ ಹೆಚ್ಚಿನವಕ್ಕೆ ನೀರನ್ನು ಯಾರೂ ಅಳೆಯಲಿಲ್ಲ. ಬುಟ್ಟಿ ಹೊರುವವರಿಗೆ ಮಾಲು ತೆಳ್ಳಗಿದ್ದರೆ ಸಲೀಸು, ಬೇಗ ಹರಡುತ್ತದೆ, ಸಂಜೆಯೊಳಗೆ ಮುಗಿಯುತ್ತದೆ. ಚೀಲಕ್ಕೆ ಒಂದು ಕೊಡ, ಅಂದರೆ ಹತ್ತು ಲೀಟರ್ ಹೆಚ್ಚು ಬಿದ್ದರೆ ಗಟ್ಟಿತನದ ಮೂರನೆಯ ಒಂದು ಪಾಲಿನಷ್ಟು ಹೋಗಬಹುದು. ದೊಡ್ಡಪ್ಪ ತೂಕ ಮಾಡಿಸಿ ತಂದ ಸಲಾಕೆ, ಎಣಿಸಿ ತಂದ ಸಿಮೆಂಟ್, ಎಲ್ಲ ಪೂರ್ತಿ ಇದ್ದೂ ಮನೆ ಬಡವಾಗುತ್ತದೆ. ಸಾಮಾನು ಕದಿಯದಿದ್ದರೆ ಸಾಕು ಎನ್ನುವ ಅವರ ಲೆಕ್ಕ ನನಗೆ ಹಿಡಿಸದಿರುವುದು ಇದಕ್ಕೇ.

ಕಾಲಮ್ಮಿನದು ಇನ್ನೂ ದೊಡ್ಡ ಚಿಂತೆ. ಗೋಡೆಯ ದಪ್ಪಕ್ಕೆ ಸರಿಹೋಗಲಿ ಎಂದು ಒಂಬತ್ತು ಇಂಚಿನ ಕಾಲಂ ಎಬ್ಬಿಸುತ್ತಾರೆ. ನಮ್ಮ ವಲಯದ ಭೂಕಂಪದ ಸಂಹಿತೆ ಕೇಳುವುದು ಕನಿಷ್ಠ 300 ಮಿಲಿಮೀಟರ್, ಒಂದು ಅಡಿ. ಒಳಗಿನ ರಿಂಗುಗಳ ತುದಿಯನ್ನು ಕಾಂಕ್ರೀಟಿನ ಒಳಮುಖಕ್ಕೆ 135 ಡಿಗ್ರಿ ಬಗ್ಗಿಸಬೇಕು, ಕಾಲಮ್ಮಿನ ಬುಡ ಮತ್ತು ತಲೆಯ ಹತ್ತಿರ ಮೂರು ಇಂಚಿಗೊಂದು ಕಟ್ಟಬೇಕು. 90 ಡಿಗ್ರಿಗೆ ಬಗ್ಗಿಸಿದರೆ ಕಷ್ಟ ಕಡಿಮೆ, ನಡುಗಿದ ದಿನ ಬಿಚ್ಚಿಕೊಳ್ಳುತ್ತದೆ. ಪುಣೆಯ ಎತ್ತರದ ಕಟ್ಟಡದಲ್ಲಿ ಇದೇ ಗೌಂಡಿ ಸರಿಯಾಗಿ ಕಟ್ಟುತ್ತಾನೆ, ನಿಜ. ಅಲ್ಲಿ ಎಂಜಿನಿಯರ್ ಬಂದು ಎಣಿಸುತ್ತಾನೆ.

ಎಣಿಸಲು ಬಲ್ಲವರಿದ್ದರೂ ಊರ ಗೌಂಡಿಗೆ ತಪ್ಪು ಎಂದು ಹೇಳುವುದು ಸುಲಭವಲ್ಲ. ನಾನು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಗ ನಮ್ಮ ಮನೆಯ ಸೆಂಟ್ರಿಂಗ್ ಬಿಚ್ಚಿದರು. ಬೀಮಿನ ಕೆಳಗೆ ಜೇನುಗೂಡಿನ ಹಾಗೆ ತೂತು, ಎರಡು ಕಡೆ ಸಲಾಕೆ ಹೊರಗೆ ಕಾಣುತ್ತಿತ್ತು. ಅಪ್ಪನಿಗೂ ಗೊತ್ತಾಯಿತು. ಆದರೆ ಗೌಂಡಿ ನಮ್ಮ ಅಣ್ಣನ ಮದುವೆಯಲ್ಲಿ ಮೂರು ದಿನ ಓಡಾಡಿದವರು, ಅಜ್ಜನ ಹೆಣಕ್ಕೆ ಹೆಗಲು ಕೊಟ್ಟವರು. ಒಡೆದು ಮತ್ತೆ ಹಾಕಿ ಎನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ. ಮರುದಿನ ಗಿಲಾವು ಹಚ್ಚಿ ಮುಚ್ಚಿದರು. ಇಂದಿಗೂ ಆ ಬೀಮಿನ ಕೆಳಗೆ ಅಮ್ಮನ ಮಂಚವಿದೆ. ಊರಿಗೆ ಹೋದಾಗೆಲ್ಲ ಮೊದಲು ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಕಾಗದದ ಮೇಲೆ ಕರಾರು ಮಾಡಿಕೊಂಡ ಗುತ್ತೇದಾರನಿಗೆ ಒಡೆಯಿರಿ ಎನ್ನಬಹುದು. ಕೊನೆಯ ಕಂತು ತಡೆಹಿಡಿಯಬಹುದು, ಮನೆ ಕಟ್ಟುವುದು ಕಾನೂನಿನಲ್ಲಿ ಸೇವೆಯೇ ಆದ್ದರಿಂದ ಗ್ರಾಹಕ ಆಯೋಗಕ್ಕೂ ಹೋಗಬಹುದು. ದೊಡ್ಡಪ್ಪನಿಗೆ ಸಿಕ್ಕವರು ಸೋರುವ ಸ್ಲ್ಯಾಬ್ ಬಿಟ್ಟು ಹೋದರು ಎಂದರೆ ಬೇಸರವೇ, ಆದರೆ ಅವರ ಹತ್ತಿರ ಕರಾರಿನ ಒಂದು ಹಾಳೆಯೂ ಇರಲಿಲ್ಲ. ಗುತ್ತೇದಾರನ ದರ ಹೆಚ್ಚು, ಒಪ್ಪುತ್ತೇನೆ. ಆ ಹೆಚ್ಚಿನ ಹಣದಲ್ಲಿ ನಕ್ಷೆ, ವೈಬ್ರೇಟರ್, ಎಂಜಿನಿಯರಿನ ಭೇಟಿ ಬರಬೇಕು. ಬರದಿದ್ದರೆ ಆತನಿಗೂ ಕೊಡಬಾರದು.

ನೀರುಣಿಸುವ ವಿಷಯದಲ್ಲಿ ಮಾತ್ರ ದೊಡ್ಡಪ್ಪನ ಕಡೆ ಸ್ವಲ್ಪ ವಾಲುತ್ತೇನೆ. ಈಗ ಬರುವ ಸಿಮೆಂಟಿಗೆ, ನಮ್ಮ ಬಿಸಿಲಿಗೆ ಹತ್ತು ಹದಿನಾಲ್ಕು ದಿನ ಸ್ಲ್ಯಾಬ್ ಹಸಿಯಾಗಿರಬೇಕು. 2016ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದ ಸೀಮೆ ಇದು. ನಡುಮಧ್ಯಾಹ್ನ ಮೇಲೆ ಹತ್ತಿ ಕಟ್ಟೆಗೆ ನೀರು ತುಂಬುವವರು ಮನೆಯವರೇ, ಇಲ್ಲವೇ ಓಣಿಯ ಗೌಂಡಿ. ಪಟ್ಟಣದವರು ಬರುವುದಿಲ್ಲ. ಅದಕ್ಕೇ ಬೇಸಿಗೆಯಲ್ಲಿ ಸ್ಲ್ಯಾಬ್ ಇಟ್ಟುಕೊಳ್ಳಬೇಡಿ, ದೀಪಾವಳಿ ಕಳೆದ ಮೇಲೆ ಹಾಕಿ ಎನ್ನುತ್ತೇನೆ.

ದೊಡ್ಡಪ್ಪ ಈಗ ತಮ್ಮ ಮಗನ ಮನೆಗೆ ಓಣಿಯ ಗೌಂಡಿಗೇ ಇಸಾರ ಕೊಟ್ಟಿದ್ದಾರೆ. ನಕ್ಷೆ ನಾನು ಬರೆದು ಕಳಿಸಿದ್ದೇನೆ, ಕಾಲಂ ಒಂದು ಅಡಿಯದು. ನಾನು ಬಂದು ರಿಂಗ್ ಎಣಿಸುವವರೆಗೆ ಒಂದು ಬುಟ್ಟಿ ಕಾಂಕ್ರೀಟೂ ಸುರಿಯಬೇಡಿ ಎಂದು ಫೋನಿನಲ್ಲಿ ಕೇಳಿಕೊಂಡಿದ್ದೇನೆ. ಆಗಲಿ ಎಂದಿದ್ದಾರೆ.