ಹಳೆಯ ಸೀಸದ ಲೆಕ್ಕ

ನಾಡಿಗೆ ಬೆಳಕನ್ನೀಯುವ ಜಿಲ್ಲೆಯೇ ಕತ್ತಲೆಯಲ್ಲಿ ಕುಳಿತಿರಬೇಕಾಗುವ ವಿಚಿತ್ರವನ್ನು ಶಿವಮೊಗ್ಗ ಭದ್ರಾವತಿಗಳ ಪುರಜನರು ಮಳೆಗಾಲದಲ್ಲಿ ಕಾಣದವರಲ್ಲ. ಜೋಗದ ವಿದ್ಯುದಾಗಾರವು 1948ರಲ್ಲಿಯೇ ಆರಂಭವಾಯಿತು. 1960ರ ದಶಕದಲ್ಲಿ ಲಿಂಗನಮಕ್ಕಿಯ ಅಣೆಕಟ್ಟೂ ಬಂದಿತು. ಆದರೂ ಮಲೆನಾಡಿನ ಗಾಳಿಗೆ ಮರವೊಂದು ತಂತಿಯ ಮೇಲೊರಗಿದರೆ ಮನೆ, ಅಂಗಡಿ, ಕಚೇರಿ, ಆಸ್ಪತ್ರೆಗಳಿಗೆ ಇನ್ವರ್ಟರಿನ ಬ್ಯಾಟರಿಯೇ ಗತಿಯಾಗಿರುವುದು.

ಈ ಬ್ಯಾಟರಿಯು ಇದುವರೆಗೆ ಸೀಸ ಮತ್ತು ಗಂಧಕಾಮ್ಲಗಳದಾಗಿದ್ದಿತು. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಎಂಬ ವಿಜ್ಞಾನಿಯು ಕಂಡುಹಿಡಿದ ಈ ಸಾಧನವು ಲೋಕಕ್ಕೆ ಮಾಡಿರುವ ಉಪಕಾರವು ಅಲ್ಪವಲ್ಲ. ಈಗ ಅದರ ಸ್ಥಾನಕ್ಕೆ ಲಿಥಿಯಂ ಬರುತ್ತಿರುವುದು. ಕೊಳ್ಳುವ ಬೆಲೆಯು ಹೆಚ್ಚೆಂದು ಹಿಂಜರಿಯುವವರು ಸ್ವಲ್ಪ ಗಣಿತವನ್ನು ಮಾಡಿ ನೋಡಬೇಕು. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿರುವುದು 1,800 ವಾಟ್-ಗಂಟೆಗಳು. ಅದು ಬಹುಕಾಲ ಬಾಳಬೇಕಾದರೆ ಅರ್ಧದಷ್ಟನ್ನು ಮಾತ್ರ ಬಳಸುವುದು ಯುಕ್ತ. 100 ಆಂಪಿಯರ್-ಗಂಟೆಯ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ವಾಟ್-ಗಂಟೆಗಳಿದ್ದು, ನೂರಕ್ಕೆ ಎಂಬತ್ತರಷ್ಟನ್ನು ನಿರ್ಭಯವಾಗಿ ತೆಗೆಯಬಹುದು. ಆಯುಸ್ಸೂ ಹೆಚ್ಚು; ನೀರು ತುಂಬಿಸುವ ತೊಡಕಿಲ್ಲ. ಆದರೆ ಹಳೆಯ ಇನ್ವರ್ಟರ್ ಲಿಥಿಯಂಗೆ ಹೊಂದುವುದೇ ಎಂಬುದನ್ನು ತಿಳಿದವರಿಂದ ಪರೀಕ್ಷೆ ಮಾಡಿಸದೆ ಜೋಡಿಸತಕ್ಕದ್ದಲ್ಲ. ಸೀಸಕ್ಕೆ ತಕ್ಕ ಚಾರ್ಜಿನ ಕ್ರಮವೇ ಲಿಥಿಯಂಗೂ ತಕ್ಕುದೆಂದು ತಿಳಿಯುವುದು ತಪ್ಪು.

ಇಷ್ಟನ್ನು ಅಂಗಡಿಯವರೂ ಹೇಳಿಯಾರು. ಅವರು ಹೇಳದಿರುವ, ಗ್ರಾಹಕರು ಕೇಳದಿರುವ ಪ್ರಶ್ನೆಯೊಂದುಂಟು: ಹೊಸದು ಬಂದ ದಿನ ಹಳೆಯದು ಎಲ್ಲಿಗೆ ಹೋಗುವುದು? ಐವತ್ತು ಕಿಲೋ ತೂಗುವ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸೀಸವೇ. ಗುಜರಿಯವನು ಕೈಗೆ ನಾಲ್ಕು ಕಾಸು ಹೆಚ್ಚಿಟ್ಟರೆ ನಾವು ಮರುಮಾತಿಲ್ಲದೆ ಕೊಟ್ಟುಬಿಡುವೆವು. ಅದನ್ನು ಕೊಡಲಿಯಿಂದೊಡೆದು, ಆಮ್ಲವನ್ನು ಚರಂಡಿಗೆ ಸುರಿದು, ಸೀಸವನ್ನು ಬಯಲ ಒಲೆಯಲ್ಲಿ ಕರಗಿಸಿದರೆ, ಆ ಹೊಗೆಯು ನೆರೆಯ ಮಕ್ಕಳ ಶ್ವಾಸದಲ್ಲಿ ಸೇರುವುದು. ಆ ಚರಂಡಿಯು ತುಂಗೆಗೋ ಭದ್ರೆಗೋ ಹರಿಯುವುದು. ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲವೆಂದು ಹೇಳಬಹುದಾದ ಮಿತಿಯೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಎಳೆಯ ಮಿದುಳಿಗೆ ಅದು ಮಾಡಿದ ಕೇಡನ್ನು ಯಾವ ವೈದ್ಯನೂ ಪೂರ್ಣವಾಗಿ ಸರಿಪಡಿಸಲಾರನು. ನಮ್ಮ ಮನೆಯ ದೀಪಕ್ಕಾಗಿ ಪರರ ಮಕ್ಕಳ ಬುದ್ಧಿಯನ್ನು ಮಂಕು ಮಾಡುವ ಹಕ್ಕು ನಮಗೆಲ್ಲಿಯದು?

ಕಾನೂನು ಇಲ್ಲದಿಲ್ಲ. 2001ರ ನಿಯಮಗಳ ಸ್ಥಾನದಲ್ಲಿ ಕೇಂದ್ರ ಸರ್ಕಾರದವರು 2022ರಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಹೊರಡಿಸಿರುವರು. ಹಳೆಯ ಬ್ಯಾಟರಿಯನ್ನು ಬೇರೆ ಕಸದೊಡನೆ ಬೆರೆಸದೆ, ಸಂಗ್ರಹಣೆ ಅಥವಾ ಪುನರ್ಬಳಕೆಯ ಕಾರ್ಯದಲ್ಲಿರುವವರಿಗೆ ಒಪ್ಪಿಸುವುದು ಬಳಸುವವನ ಕರ್ತವ್ಯವೆಂದು ಅವು ವಿಧಿಸುತ್ತವೆ. ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸುತ್ತವೆ. ಲಿಥಿಯಂ ಬ್ಯಾಟರಿಯೂ ಈ ನಿಯಮಗಳಿಗೆ ಒಳಪಟ್ಟಿದೆಯೆಂಬುದನ್ನು ಮರೆಯಬಾರದು. ಅದನ್ನು ಚುಚ್ಚಿ ಒಡೆದರೆ ಬೆಂಕಿ ಹೊತ್ತಿಕೊಳ್ಳುವ ಭಯವುಂಟು.

ಮೇಲ್ಪಂಕ್ತಿಯನ್ನು ಹಾಕಬೇಕಾದವರು ಅಧಿಕಾರಿವರ್ಗದವರು. ಕಚೇರಿ, ಕಾಲೇಜು, ಆಸ್ಪತ್ರೆಗಳಿಗೆ ಹೊಸ ಬ್ಯಾಟರಿ ಕೊಳ್ಳುವ ಟೆಂಡರಿನಲ್ಲಿ, ಹಳೆಯದನ್ನು ತೂಕಮಾಡಿ ನೋಂದಾಯಿತ ಪುನರ್ಬಳಕೆದಾರರಿಗೆ ಒಪ್ಪಿಸಿದ ರಸೀದಿಯನ್ನು ತಂದ ಮೇಲೆಯೇ ಹಣ ಪಾವತಿಯೆಂಬ ಷರತ್ತನ್ನು ಸೇರಿಸಲಿ. ಶಿವಮೊಗ್ಗದ ಮಹಾನಗರಪಾಲಿಕೆಯವರೂ ಭದ್ರಾವತಿಯ ನಗರಸಭೆಯವರೂ ಮಳೆಗಾಲಕ್ಕೆ ಮೊದಲು ಕೆಲವು ದಿನಗಳನ್ನು ಗೊತ್ತುಮಾಡಿ, ಗೃಹಸ್ಥರಿಂದ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಏರ್ಪಾಡು ಮಾಡಲಿ. ಗುಜರಿಯ ಬಡವನನ್ನು ದಂಡಿಸುವುದರಿಂದ ಫಲವಿಲ್ಲ. ಅವನನ್ನೇ ಸಂಗ್ರಹಣೆಯ ಕೆಲಸಕ್ಕೆ ತೆಗೆದುಕೊಂಡು, ಒಡೆಯುವ ಕೆಲಸವನ್ನು ತಪ್ಪಿಸುವುದು ವಿವೇಕ.

ಹೊಸದನ್ನು ಕೊಳ್ಳಲು ಹಣವಿದ್ದರೆ ಸಾಕು. ಹಳೆಯದನ್ನು ಸರಿಯಾದ ಕೈಗೆ ಸೇರಿಸಲು ನಾಗರಿಕತೆ ಬೇಕು. ನಮ್ಮ ಪುರಜನರಲ್ಲಿ ಅದಕ್ಕೆ ಕೊರತೆಯಿಲ್ಲವೆಂದೇ ನಾವು ನಂಬಿದ್ದೇವೆ.