ಉದ್ದಾದ ಗಿಡದ ತಲಿ ಕಡೀರಿ, ಹೆದರಬ್ಯಾಡ್ರಿ

ನಮ್ಮ ಓಣ್ಯಾಗ ಈಗ ಯಾರ ಮನಿ ಕಿಡಕಿ ನೋಡಿದ್ರೂ ಒಂದು ಸಕ್ಯುಲೆಂಟ್ ಕೂತಿರ್ತದ. ತಂದಾಗ ಕಮಲದ ಹೂವಿನಂಗ ಬಿಗಿಯಾಗಿ ಇದ್ದದ್ದು, ನಾಕು ತಿಂಗಳಿಗೆ ಕುತಿಗಿ ಚಾಚಿ, ಎಲಿ ದೂರ ದೂರ ಬಿಟ್ಟು, ಒಂದು ಕಡೆ ವಾಲಿ ನಿಂತಿರ್ತದ. "ಭಾಳ ಚಂದ ಬೆಳದದ ನೋಡ್ರಿ" ಅಂತ ಮನಿಯವ್ರು ತೋರಸ್ತಾರ. ನಾನು ಬೈಸ್ಕೊಂಡ್ರೂ ಹೇಳಿಬಿಡ್ತೀನಿ: ಅದು ಬಿಸಿಲು ಹುಡುಕ್ಕೊಂಡು ಹೊಂಟದರೀ!

ಹಂಗ ಉದ್ದಾದ ದಂಟು ಮತ್ತ ಗಿಡ್ಡ ಆಗಂಗಿಲ್ಲ. ಬಿಸಿಲಿಗೆ ಇಟ್ರ ಮುಂದ ಬರೋ ಎಲಿ ಒತ್ತೊತ್ತಾಗಿ ಬರ್ತಾವ ಖರೆ, ಹಳೇ ಬೋಳು ದಂಟು ಹಂಗ ಉಳೀತದ. ಕೊಯ್ದು ಮತ್ತ ನೆಡಬೇಕು, ಅಷ್ಟೇ.

ಇಲ್ಲೇ ನಮ್ಮವರ ತಕರಾರು. "ಜೀವ ಇರೋ ಗಿಡದ ತಲಿ ಹೆಂಗ ಕಡೀಲಿ?" ನಮ್ಮತ್ತಿಯವ್ರೂ ಹಂಗ ಅಂತಿದ್ರು. ಅವರ ತಂಗಿ ತೀರಿಹೋಗೂಕಿಂತ ಮೊದಲು ಕೊಟ್ಟ ಎಚೆವೇರಿಯಾ ಅದು, ಯಾರಿಗೂ ಮುಟ್ಟಗೊಡ್ತಿರಲಿಲ್ಲ. ಅದರಾಗ ನಾನೂ ಒಮ್ಮೆ ಕೆಡಿಸಿದ್ದೆ. ಜಿಟಿಜಿಟಿ ಮಳ್ಯಾಗ ಜೇಡ್ ಗಿಡ ಕೊಯ್ದು, ಗಾಯ ಹಸಿ ಇದ್ದಾಗನ ಮಣ್ಣಿಗೆ ಹಚ್ಚಿ, ಮ್ಯಾಲೆ ಒಂದು ಚರಗಿ ನೀರು ಹಾಕಿದೆ. ಎಂಟು ದಿನಕ್ಕ ಬುಡ ಕರ್ರಗಾಗಿ ಕೊಳತು ಹೋತು. ಹಿಂಗಾಗಿ ಅವರು ನನ್ನ ನಂಬಲಿಲ್ಲ ಅಂದ್ರ ತಪ್ಪೇನದ?

ಹೋದ ದೀಪಾವಳಿ ಆದಮ್ಯಾಲೆ ಆ ಗಿಡ ವಾಲಿ ವಾಲಿ ಕುಂಡ ಸೈತ ಉರುಳಿಬಿತ್ತು. ಅವತ್ತ ಅತ್ತಿ ತಾವs ಚಾಕು ತಂದು ಕೊಟ್ರು. ಚಾಕು ತೊಳದು ಒರಸಿ, ತಲಿ ಕೆಳಗ ಎರಡು ಇಂಚು ದಂಟು ಬಿಟ್ಟು ಕೊಯ್ದೆ. ಕೆಳಗಿನ ಎಲಿ ಬಿಡಿಸಿ, ನೆರಳಾಗ ಒಂದು ತಾಟಿನ್ಯಾಗ ಇಟ್ಟೆ. ಮಣ್ಣಿಲ್ಲ, ನೀರಿಲ್ಲ. ಅತ್ತಿ ದಿನಾ ಬಂದು "ಪಾಪ, ಒಣಗಲಿಕತ್ತದಲ್ಲಾ" ಅನ್ನೋರು. ಗಾಯ ಒಣಗಲಿ ಅಂತನs ಇಟ್ಟದ್ದು! ಹಳ್ಯಾಗ ಬೇಲಿಗೆ ಅಂತ ಕಡದ ಕಳ್ಳಿ ನಾಕು ದಿನ ಬದುವಿನ ಮ್ಯಾಲೆ ಬಿದ್ದಿದ್ರೂ ನಾಟತದಲ್ಲಾ, ಹಂಗ ಇದು. (ಕಳ್ಳಿ ಹಾಲು ಮಾತ್ರ ಕಣ್ಣಿಗೆ ಹತ್ತಗೊಡಬ್ಯಾಡ್ರಿ.)

ಆರನೇ ದಿನ ಗಾಯ ಗಟ್ಟಿಯಾಗಿತ್ತು. ಅರ್ಧ ಮಣ್ಣು, ಅರ್ಧ ದಪ್ಪ ಉಸುಕು, ಒಂದಿಷ್ಟು ಇಟ್ಟಂಗಿ ಚೂರು ಕೂಡಿಸಿ ನೆಟ್ಟೆ. ಒಂದು ವಾರ ಬಿಟ್ಟು ಸ್ವಲ್ಪ ನೀರು. ಮೂರು ವಾರಕ್ಕ ಮೆಲ್ಲಗ ಜಗ್ಗಿದ್ರ ಬರಲಿಲ್ಲ, ಬೇರು ಹಿಡದಿತ್ತು. ಆಮ್ಯಾಲೆ ದಿನಾ ಸ್ವಲ್ಪ ಸ್ವಲ್ಪ ಬಿಸಿಲಿಗೆ ರೂಢಿ ಮಾಡಿಸಿದೆ. ಒಮ್ಮೆಲೆ ಇಟ್ರ ಎಲಿ ಸುಡ್ತಾವ. ಗ್ಲಾಸಿನ ನೀರಾಗ ಬೇರು ಬರಸೋದನ್ನ ಮೊಬೈಲ್ದಾಗ ತೋರಸ್ತಾರ; ನನಗೇನು ಅದು ಸೇರಂಗಿಲ್ಲ.

ಉಳಿದ ಬೋಳು ದಂಟು ಒಗದಿದ್ರ ದೊಡ್ಡ ತಪ್ಪಾಗ್ತಿತ್ತು. ಅದರ ಮಗ್ಗಲಿಂದ ಈಗ ಮೂರು ಮರಿ ಒಡದಾವ. ಒಂದನ್ನ ಅತ್ತಿ ತಮ್ಮ ತಂಗಿ ಮಗಳ ಸಲುವಾಗಿ ಎತ್ತಿಡಬೇಕು ಅಂದಾರ. ಇನ್ನೆರಡು ಅವ. ಬೇಕಾದವ್ರು ಹೇಳಿ ಇಡ್ರಿ, ಆದ್ರ ನಿಮ್ಮ ನೀರಿನ ಚರಗಿ ಸ್ವಲ್ಪ ದೂರ ಇಡ್ರಿ.